ಪಿಕಪ್ ಇಲ್ಲದ ಹಳೆ ಮಾರುತಿ 800: ಕಾರ್ಬೊರೇಟರ್ ಬಿಚ್ಚುವ ಮುಂಚೆ ನಾನು ನೋಡುವುದು

ಎಕ್ಸಲೇಟರ್ ಒತ್ತಿದ ಕೂಡಲೇ ಗಾಡಿ ಒಮ್ಮೆ ಮುಗ್ಗರಿಸಿ ಆಮೇಲೆ ಜಗ್ಗುತ್ತದೋ, ಇಲ್ಲಾ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಏರುವಾಗ ಒತ್ತಿ ಹಿಡಿದಷ್ಟೂ ಸೊರಗುತ್ತದೋ? ಮೊದಲು ಇದು ಇತ್ಯರ್ಥವಾಗಬೇಕು. ಏರಿನಲ್ಲಿ ಸೊರಗಿದರೆ ಸಾಮಾನ್ಯವಾಗಿ ಪೆಟ್ರೋಲ್ ಸಾಲುತ್ತಿಲ್ಲ ಎಂದರ್ಥ. ಪೆಟ್ರೋಲ್ ಫಿಲ್ಟರ್ ಬದಲಿಸಿ, ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪ್ ನೋಡುತ್ತೇನೆ. ನವಲಗುಂದದ ಕಡೆ ಎರಿ ಮಣ್ಣಿನ ದಾರಿಯಲ್ಲಿ ಓಡಿದ ಗಾಡಿಯಾದರೆ ಏರ್ ಫಿಲ್ಟರ್ ಕೂಡ.

ಒತ್ತಿದ ಕ್ಷಣಕ್ಕಷ್ಟೇ ಮುಗ್ಗರಿಸಿದರೆ ನನ್ನ ಮೊದಲ ಅನುಮಾನ ಪೆಟ್ರೋಲ್-ಗಾಳಿ ಬೆರೆಸುವ ಕಾರ್ಬೊರೇಟರಿನ ಎಕ್ಸಲೇಟರ್ ಪಂಪ್ ಮೇಲೆ. ಥ್ರಾಟಲ್ (ಎಕ್ಸಲೇಟರ್ ಒತ್ತಿದಾಗ ತೆರೆಯುವ ಬಾಗಿಲು) ತಟ್ಟನೆ ತೆರೆದಾಗ ಗಾಳಿ ಕೂಡಲೇ ನುಗ್ಗುತ್ತದೆ, ಪೆಟ್ರೋಲ್ ಹಿಂದುಳಿಯುತ್ತದೆ. ಆ ಕೊರತೆ ತುಂಬುವುದು ಈ ಪಂಪೇ. ಎಂಜಿನ್ ಬಂದ್ ಮಾಡಿ, ತಣ್ಣಗಾದ ಮೇಲೆ ಏರ್ ಫಿಲ್ಟರ್ ಡಬ್ಬಿ ತೆಗೆದು, ಚೋಕ್ ಬಾಗಿಲನ್ನು ಬೆರಳಿನಿಂದ ತೆರೆದು ಹಿಡಿದು, ಥ್ರಾಟಲ್ ಲಿವರ್ ಎಳೆಯುತ್ತೇನೆ. ಎಳೆದ ಕೂಡಲೇ ಕಾರ್ಬೊರೇಟರ್ ಗಂಟಲಲ್ಲಿ ನೂಲಿನಂಥ ಧಾರೆ ನೇರವಾಗಿ ಚಿಮ್ಮಬೇಕು. ತಡವಾಗಿ ಬಂದರೂ, ತೊಟ್ಟಿಕ್ಕಿದರೂ ದೋಷ ಸಿಕ್ಕಂತೆ. ಬಹಳ ದಿನ ನಿಂತ ಗಾಡಿಯಲ್ಲಿ ಕಾರ್ಬೊರೇಟರಿನೊಳಗೆ ಪೆಟ್ರೋಲ್ ನಿಲ್ಲುವ ಫ್ಲೋಟ್ ಚೇಂಬರ್ ಒಣಗಿರುತ್ತದೆ. ಮೊದಲು ಸ್ವಲ್ಪ ಸೆಲ್ಫ್ ಹೊಡೆದು ತುಂಬಿಸಿ.

ಪಂಪ್ ಮುಚ್ಚಳದ ತಿರುಪುಗಳ ತಲೆ ಮೆದು. ಸರಿಯಾಗಿ ಕೂರುವ ಸ್ಕ್ರೂ ಡ್ರೈವರನ್ನೇ ಒತ್ತಿ ತಿರುಗಿಸಬೇಕು. ಒಳಗಿನ ಡಯಾಫ್ರಂ, ಅಂದರೆ ರಬ್ಬರ್ ಪರದೆ, ತೆಗೆದು ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಸೂಜಿಮೊನೆಯಷ್ಟು ಸೀಳು ಕಾಣುವುದುಂಟು. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ 20% ವರೆಗೆ ಇರುತ್ತದೆ, ಹಳೆಯ ರಬ್ಬರ್ ಅದಕ್ಕೆಂದು ಮಾಡಿದ್ದಲ್ಲ. ಡಯಾಫ್ರಂ ಹರಿಯದೆ ಸರಿಯಿದ್ದೂ ಧಾರೆ ಬರದಿದ್ದರೆ ಅದು ಚಿಮ್ಮುವ ನಾಝಲ್ ಕಟ್ಟಿದೆ: ಗಾಳಿ ಹೊಡೆಯಿರಿ, ಉಕ್ಕಿನ ತಂತಿ ಮಾತ್ರ ಹಾಕಬೇಡಿ. ತೂತು ದೊಡ್ಡದಾದರೆ ಅಳತೆ ಕೆಟ್ಟಂತೆ. ಪಂಪಿನ ಪೆಟ್ರೋಲ್ ಹರಿಯುವ ದಾರಿಯಲ್ಲಿರುವ ಸಣ್ಣ ಗುಂಡು ಉರುಳಿ ಹೋಗದಂತೆ ಕೆಳಗೆ ಬಿಳಿ ಬಟ್ಟೆ ಹಾಸಿಕೊಳ್ಳಿ.

ಧಾರೆ ಸರಿಯಿದ್ದರೆ ಮುಂದಿನದು ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿಗೆ ಹೋಗುವ ವ್ಯಾಕ್ಯೂಮ್ ಪೈಪು. ಅದನ್ನು ಕಾರ್ಬೊರೇಟರ್ ಕಡೆ ಬಿಡಿಸಿ, ಬಾಯಿಂದ ಗಾಳಿ ಎಳೆದು, ತುದಿಯನ್ನು ನಾಲಿಗೆಯಿಂದ ಮುಚ್ಚುತ್ತೇನೆ. ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆರೆದಿಟ್ಟಿದ್ದರೆ ಒಳಗಿನ ಪ್ಲೇಟ್ ಸರಿದು ಅಲ್ಲೇ ನಿಲ್ಲುವುದು ಕಾಣುತ್ತದೆ. ಪ್ಲೇಟ್ ವಾಪಸ್ ಬಂದರೆ ಡಿಸ್ಟ್ರಿಬ್ಯೂಟರಿನ ಡಯಾಫ್ರಂ ಹರಿದಿದೆ, ಇಲ್ಲವೇ ಪೈಪು ಬಿರಿದಿದೆ. ಉಳಿದ ಗಾಳಿ ಸೋರಿಕೆ ಹುಡುಕಲು ಐಡಲಿಂಗಿನಲ್ಲಿ ಪೈಪುಗಳ ಸಂದಿಗೆ, ಕಾರ್ಬೊರೇಟರ್ ಬುಡದ ಗ್ಯಾಸ್ಕೆಟ್ಟಿಗೆ ನೀರು ಚಿಮುಕಿಸುತ್ತೇನೆ; ಸೋರುವಲ್ಲಿ ಎಂಜಿನ್ ಸದ್ದು ಬದಲಾಗುತ್ತದೆ. ಪೆಟ್ರೋಲ್ ಚಿಮುಕಿಸುವವರಿದ್ದಾರೆ. ಪ್ಲಗ್ ವೈರ್ ಪಕ್ಕದಲ್ಲೇ ಇರುವಾಗ ಅದು ಬೇಡವೇ ಬೇಡ.

ಇನ್ನು ಪ್ಲಗ್: ಈ ಗಾಡಿಗೆ ಮೂರೇ, ಕಿಡಿ ಹಾರುವ ಗ್ಯಾಪ್ 0.7ರಿಂದ 0.8 ಮಿ.ಮೀ. ರಾತ್ರಿ ಕತ್ತಲಲ್ಲಿ ಬಾನೆಟ್ ಎತ್ತಿ ನೋಡಿದರೆ ಸೋರುವ ವೈರಿನ ಕಿಡಿ ಕಣ್ಣಿಗೇ ಬೀಳುತ್ತದೆ, ಆದರೆ ಕೈ ತಾಗಿಸಬೇಡಿ.

ಕಾರ್ಬೊರೇಟರ್ ಕಿಟ್ ತಂದರೆ ಹೊಸ ಡಯಾಫ್ರಮ್ಮನ್ನೂ ಗ್ಯಾಸ್ಕೆಟ್ಟನ್ನೂ ಹಳೆಯದರ ಮೇಲಿಟ್ಟು ಪ್ರತಿ ತೂತು ತಾಳೆ ನೋಡಿ. ಒಂದು ತೂತು ಮುಚ್ಚಿದರೂ ಗಾಡಿ ಮತ್ತೆ ಹಾಗೇ ಮುಗ್ಗರಿಸುತ್ತದೆ.