ಬೇಲಿ ಕೊಳೆಯುವುದು ಮಣ್ಣಿನ ಅಂಚಿನಲ್ಲಿ

ಬೇಲಿಯೇ ಎದ್ದು ಹೊಲ ಮೇಯ್ದ ಮಾತು ಕೇಳಿದ್ದೆ. ನಮ್ಮ ಬೇಲಿ ಏಳಲಿಲ್ಲ, ಬಿತ್ತು. ಹಾಕಿ ನಾಲ್ಕು ವರ್ಷವಾಗಿತ್ತು. ಒಂದು ರಾತ್ರಿ ಗಾಳಿಮಳೆಗೆ ಮೂರು ಕಂಬ ಒಟ್ಟಿಗೆ ಮಲಗಿದವು. ಬೆಳಿಗ್ಗೆ ಎತ್ತಿ ನೋಡಿದರೆ ಹಲಗೆ, ಅಡ್ಡಪಟ್ಟಿ ಎಲ್ಲ ಗಟ್ಟಿಯಾಗೇ ಇದ್ದವು. ಕಂಬಗಳು ಮಾತ್ರ ಸರಿಯಾಗಿ ನೆಲದ ಮಟ್ಟದಲ್ಲಿ ಲಟಕ್ಕನೆ ಮುರಿದಿದ್ದವು. ವಿಚಿತ್ರವೆಂದರೆ, ಎರಡಡಿ ಆಳದಲ್ಲಿದ್ದ ಬುಡ ಅಷ್ಟೇನೂ ಕೊಳೆತಿರಲಿಲ್ಲ.

ಕಾರಣ ಆಮೇಲೆ ಹೊಳೆಯಿತು. ಮರವನ್ನು ತಿನ್ನುವ ಶಿಲೀಂಧ್ರಕ್ಕೆ ನೀರೂ ಬೇಕು, ಗಾಳಿಯೂ ಬೇಕು. ಆಳದಲ್ಲಿ ಗಾಳಿ ಕಡಿಮೆ. ಮೇಲೆ ಮರ ಬೇಗ ಒಣಗುತ್ತದೆ. ಎರಡೂ ಸಿಗುವುದು ಮಣ್ಣಿನ ಅಂಚಿನ ನಾಲ್ಕೈದು ಇಂಚಿನಲ್ಲಿ. ಸಾಲದ್ದಕ್ಕೆ, ಗಟ್ಟಿಯಾಗಲಿ ಅಂತ ನಾನು ಗುಂಡಿಯ ತಳಕ್ಕೂ ಕಾಂಕ್ರೀಟ್ ಸುರಿದಿದ್ದೆ. ಕಂಬದ ಸುತ್ತ ಒಂದು ಬಟ್ಟಲೇ ಆಗಿಹೋಗಿತ್ತು. ಇಳಿದ ನೀರು ಹೊರಗೆ ಹೋಗಲು ದಾರಿಯೇ ಇರಲಿಲ್ಲ.

ಹಾಗಾಗಿ ಎರಡನೇ ಸಲ ನನ್ನ ಗಮನವೆಲ್ಲ ಗುಂಡಿಯ ಮೇಲೆ. ಅಂಗಳದ ಎರಡು ಬದಿಗೆ, 35 ಅಡಿ ಮತ್ತು 21 ಅಡಿ, ನಾಲ್ಕಡಿ ಎತ್ತರದ ಬೇಲಿ. ಏಳಡಿಗೊಂದರಂತೆ ಒಂಬತ್ತು ಕಂಬ, ಗೇಟಿಗೆ ಇನ್ನೊಂದು. ಎಂಟಡಿಗಿಂತ ದೂರ ಇಟ್ಟರೆ ಅಡ್ಡಪಟ್ಟಿ ನಡುವೆ ಜೋಲುತ್ತದೆ.

ಅಗೆಯುವ ಮೊದಲು ಪಕ್ಕದ ಮನೆಯವರನ್ನು ಕರೆದು ಗಡಿಕಲ್ಲು ತೋರಿಸಿದೆ. ಬೇಲಿಯನ್ನು ಗಡಿಯಿಂದ ಅರ್ಧ ಅಡಿ ನಮ್ಮ ಕಡೆಗೇ ಹಾಕಿದೆ. ಆಮೇಲೆ ಮಾತು ಬರುವುದಕ್ಕಿಂತ ಅರ್ಧ ಅಡಿ ಹೋಗುವುದು ವಾಸಿ, ಅಲ್ವಾ? ನೀರಿನ ಪೈಪು, ಕರೆಂಟಿನ ಕೇಬಲ್ಲು ಎಲ್ಲೆಲ್ಲಿ ಹಾದಿದೆ ಅಂತಲೂ ಮೊದಲೇ ವಿಚಾರಿಸಿಕೊಂಡೆ.

ಆಮೇಲೆ ಗೂಟ, ದಾರ. ಮೂಲೆ ನೇರವಾಗಿದೆಯೇ ಅಂತ ನೋಡಲು ಗಾರೆಯವರ ಹಳೇ ಉಪಾಯವೇ ಸಾಕು. ಮೂಲೆಯಿಂದ ಒಂದು ದಾರದ ಮೇಲೆ 6 ಅಡಿಗೆ ಗುರುತು, ಇನ್ನೊಂದರ ಮೇಲೆ 8 ಅಡಿಗೆ. ಎರಡು ಗುರುತಿನ ನಡುವೆ ಸರಿಯಾಗಿ 10 ಅಡಿ ಬಂದರೆ ಮೂಲೆ ನೇರ. ನನಗೆ ಮೊದಲು ಬಂದದ್ದು 10 ಅಡಿ 4 ಇಂಚು. ಕಣ್ಣಳತೆಯನ್ನು ನಂಬಿದ್ದರೆ ಬೇಲಿ ಹೊರಕ್ಕೆ ಹಾಯುತ್ತಿತ್ತು.

ಕಂಬ ನಾಲ್ಕಿಂಚು ದಪ್ಪ, ಆರಡಿ ಉದ್ದ. ಅದರಲ್ಲಿ ಮೂರನೇ ಒಂದು ಭಾಗ, ಅಂದರೆ ಎರಡಡಿ, ನೆಲದೊಳಗೆ. ಗುಂಡಿ ಒಂದಡಿ ಅಗಲ, ಎರಡೂವರೆ ಅಡಿ ಆಳ. ತಳದ ಅರ್ಧ ಅಡಿಗೆ ಜಲ್ಲಿ ತುಂಬಿ ದಮ್ಮಸು ಹೊಡೆದೆ. ಕಂಬ ನಿಲ್ಲುವುದು ಜಲ್ಲಿಯ ಮೇಲೆ, ಕಾಂಕ್ರೀಟ್ ಸುತ್ತಲೂ ಮಾತ್ರ. ನೀರು ಬಂದರೂ ಕೆಳಗೆ ಬಸಿದು ಹೋಗುತ್ತದೆ. ಕಾಂಕ್ರೀಟನ್ನು ನೆಲದಿಂದ ಒಂದಿಂಚು ಮೇಲಕ್ಕೆ ತಂದು, ಕರಣೆಯಿಂದ ಸುತ್ತಲೂ ಇಳಿಜಾರು ಮಾಡಿದೆ. ಹತ್ತು ಗುಂಡಿಗೆ ಎರಡು ದಿನ ಹಿಡಿಯಿತು. ಏಳನೆಯದರಲ್ಲಿ ತೋಳು ದಪ್ಪದ ಬೇರು ಸಿಕ್ಕಿ ಒಂದು ಮಧ್ಯಾಹ್ನವೇ ಹೋಯಿತು.

ಮರದ ಬಗ್ಗೆಯೂ ಒಂದು ಮಾತು. ಕಂಬಕ್ಕೆ ಚೇಗು, ಅಂದರೆ ಒಳಗಿನ ಗಟ್ಟಿ ತಿರುಳು, ಇರುವ ಮರವೇ ಆಗಬೇಕು. ಹೊರಸುತ್ತಿನ ತಿಳಿಬಣ್ಣದ ಮರಕ್ಕೆ ಗೆದ್ದಲು ಬೇಗ ಹತ್ತುತ್ತದೆ. ಔಷಧಿ ಹಾಕಿದ ಮರವಾದರೆ, ಗರಗಸದಿಂದ ಕೊಯ್ದ ತುದಿಗೆ ಮತ್ತೆ ಔಷಧಿ ಹಚ್ಚಲೇಬೇಕು. ಎಷ್ಟೋ ಸಲ ಅದು ತಿರುಳಿನವರೆಗೆ ಇಳಿದಿರುವುದಿಲ್ಲ. ನಾನು ಕೊಯ್ದ ತುದಿಯನ್ನು ಮೇಲಕ್ಕೆ ಮಾಡಿ ನಿಲ್ಲಿಸಿದೆ.

ಮೊದಲು ಮೂಲೆಯ ಕಂಬಗಳು. ಕಂಬ ನೆಟ್ಟಗಿದೆಯೇ ಅಂತ ನೋಡಲು ರಸಮಟ್ಟವನ್ನು ಒಂದು ಮುಖಕ್ಕೆ ಹಿಡಿದರೆ ಸಾಲದು, ಪಕ್ಕದ ಮುಖಕ್ಕೂ ಹಿಡಿಯಬೇಕು. ಅಣ್ಣ ಕಂಬ ಹಿಡಿದ, ನಾನು ಆನಿಕೆ ಕೊಟ್ಟೆ. ನಡುವಿನ ಕಂಬಗಳನ್ನು ದಾರಕ್ಕೆ ತಾಗಿಸಬಾರದು, ಒಂದು ಕೂದಲೆಳೆ ಅಂತರವಿರಲಿ. ಒಂದು ಕಂಬ ದಾರವನ್ನು ತಳ್ಳಿದರೆ ಉಳಿದವೆಲ್ಲ ಅದರ ಹಿಂದೆಯೇ ಹೋಗುತ್ತವೆ. ಇದು ನನಗೆ ನಾಲ್ಕನೇ ಕಂಬದಲ್ಲಿ ಗೊತ್ತಾಗಿದ್ದು. ಕಾಂಕ್ರೀಟ್ ಇನ್ನೂ ಹಸಿ ಇತ್ತು, ಬಚಾವಾದೆ.

ಮೂರು ದಿನ ಸುಮ್ನೆ ಬಿಟ್ಟು ಅಡ್ಡಪಟ್ಟಿ ಹೊಡೆದೆ. ಹಲಗೆ ಕೂರಿಸುವುದು ಖುಷಿಯ ಕೆಲಸ. ಎರಡಿಂಚು ಅಗಲದ ಒಂದು ತುಂಡನ್ನು ನಡುವೆ ಇಟ್ಟು, ಮುಂದಿನ ಹಲಗೆ ಹೊಡೆಯುತ್ತಾ ಹೋಗುವುದು. ನೂರಕ್ಕೂ ಜಾಸ್ತಿ ಹಲಗೆ. ಒಂದೊಂದರಲ್ಲಿ ಕೂದಲಷ್ಟು ವಾಲಿದರೂ ಕೊನೆಗೆ ಎಲ್ಲ ಮಲಗಿದ ಹಾಗೆ ಕಾಣುತ್ತದೆ. ಹಾಗಾಗಿ ಹತ್ತು ಹಲಗೆಗೊಮ್ಮೆ ರಸಮಟ್ಟ ಹಿಡಿದೆ. ಹಲಗೆಯ ತುದಿ ಸೀಳದಿರಲು ಮೊದಲೇ ಸಣ್ಣ ತೂತು ಕೊರೆದುಕೊಂಡೆ. ಸತು ಲೇಪದ ಸ್ಕ್ರೂ ಹಾಕಿದೆ. ಹಳೇ ಬೇಲಿಯಲ್ಲಿ ಸಾದಾ ಮೊಳೆಗಳು ತುಕ್ಕು ಹಿಡಿದು, ಪ್ರತಿ ಮೊಳೆಯ ಕೆಳಗೂ ಕಪ್ಪು ಕಣ್ಣೀರಿನ ಗೆರೆ ಇಳಿದಿತ್ತು. ಹಲಗೆಯ ಬುಡ ನೆಲದಿಂದ ಎರಡಿಂಚು ಮೇಲೆ. ನಾಯಿಮರಿ ನುಸುಳೀತು ಅಂತ ಮನೆಯವರು ಹೇಳಿದರು. ನುಸುಳಲಿಲ್ಲ.

ಗೇಟಿನಲ್ಲಿ ಮಾತ್ರ ಎಡವಿದೆ. ಚೌಕಟ್ಟಿಗೆ ಓರೆಪಟ್ಟಿ ಕೊಟ್ಟಿದ್ದೆ, ಆದರೆ ತಿರುಗುಮುರುಗು. ತಿಂಗಳಲ್ಲೇ ಚಿಲಕದ ಬದಿ ಇಳಿದು ನೆಲಕ್ಕೆ ತಾಗತೊಡಗಿತು. ಮರದ ಓರೆಪಟ್ಟಿ ಕೀಲಿನ ಬದಿಯ ಕೆಳಮೂಲೆಯಿಂದ ಚಿಲಕದ ಬದಿಯ ಮೇಲ್ಮೂಲೆಗೆ ಹೋಗಬೇಕು. ಆಗ ಭಾರವೆಲ್ಲ ಪಟ್ಟಿಯನ್ನು ಅದುಮುತ್ತಾ ಕೆಳಗಿನ ಕೀಲಿಗೆ ಇಳಿಯುತ್ತದೆ. ನನ್ನದು ಭಾರವನ್ನು ಹೊರುವ ಬದಲು ಸುಮ್ಮನೆ ಎಳೆತಕ್ಕೆ ಸಿಕ್ಕಿ, ಸ್ಕ್ರೂಗಳು ಸಡಿಲವಾಗಿದ್ದವು. ಗೇಟು ಬಿಚ್ಚಿ, ಪಟ್ಟಿಯನ್ನು ಮತ್ತೊಂದು ಕರ್ಣಕ್ಕೆ ತಿರುಗಿಸಿ ಹೊಡೆದ ಮೇಲೆ ಇವತ್ತಿನವರೆಗೂ ಜಗ್ಗಿಲ್ಲ.

ಬಣ್ಣವನ್ನು ತಕ್ಷಣ ಬಳಿಯಲಿಲ್ಲ. ಹಲಗೆಯ ಮೇಲೆ ಎರಚಿದ ನೀರು ಹನಿಯಾಗಿ ನಿಲ್ಲದೆ ಒಳಗೆ ಹೀರುವಷ್ಟು ಒಣಗಿದ ಮೇಲೆ ಎಣ್ಣೆ ಕೊಟ್ಟೆ, ಎರಡು ಕೈ. ಮಳೆಗಾಲ ಮುಗಿದಾಗೆಲ್ಲ ಕಂಬದ ಬುಡಕ್ಕೆ ಸೇರಿದ ಮಣ್ಣು, ತರಗೆಲೆ ಬಿಡಿಸಿ, ಸ್ಕ್ರೂಡ್ರೈವರಿನ ಮೊನೆಯಿಂದ ಆ ಅಂಚಿನಲ್ಲೇ ಚುಚ್ಚಿ ನೋಡುತ್ತೇನೆ. ಮೆತ್ತಗಿದ್ದರೆ ಕೊಳೆತ ಶುರುವಾಗಿದೆ ಅಂತ. ಇದು ಆರನೇ ವರ್ಷ. ಹತ್ತರಲ್ಲಿ ಒಂದು ಕಂಬ ಸ್ವಲ್ಪ ಮೆತ್ತಗಾಗಿದೆ. ಆ ಬೇರು ಸಿಕ್ಕಿದ ಗುಂಡಿಯದೇ, ಸುಸ್ತಾಗಿ ಜಲ್ಲಿ ಕಡಿಮೆ ಹಾಕಿದ್ದೆ.