ಪಕ್ಕದ ಸೈಟಿನ ತರಕಾರಿಗೆ ಕಾಸಿಲ್ಲದ ಹೊದಿಕೆ

ಪಕ್ಕದ ಖಾಲಿ ಸೈಟಿನಲ್ಲಿ ನಾಲ್ಕು ಬದನೆ, ಎರಡು ಸಾಲು ಬೆಂಡೆ ಹಾಕಿಕೊಂಡವರು ಬೆಂಗಳೂರು, ಮೈಸೂರಿನ ಬಡಾವಣೆಗಳಲ್ಲಿ ಬೇಕಾದಷ್ಟು ಜನ ಇದ್ದಾರೆ. ಸೈಟಿನ ಯಜಮಾನರು ಎಲ್ಲೋ ಇರುತ್ತಾರೆ. 'ಮನೆ ಕಟ್ಟೋವರೆಗೆ ಏನಾದ್ರೂ ಬೆಳ್ಕೊಳ್ಳಿ, ಯಾರೂ ಕಸ ಸುರೀದಿದ್ರೆ ಸಾಕು' ಅಂದಿರುತ್ತಾರೆ. ಬೀಜ ಹಾಕುವವರೆಗೆ ಎಲ್ಲರಿಗೂ ಹುಮ್ಮಸ್ಸು. ಎರಡು ಮಳೆ ಬಿತ್ತು ಅನ್ನಿ, ಬೆಂಡೆ ಯಾವುದು ಕಾಂಗ್ರೆಸ್ ಗಿಡ ಯಾವುದು ಅಂತ ತಡಕಾಡಬೇಕು. ಆಮೇಲೆ ಕಳೆ ಕೀಳಲು ಆಳು ಹುಡುಕುತ್ತಾರೆ, ಕೂಲಿ ಕೇಳಿದ ಮೇಲೆ ತರಕಾರಿ ಅಂಗಡಿಯೇ ವಾಸಿ ಅನ್ನಿಸುತ್ತದೆ.

ಮಣ್ಣನ್ನು ಬರಿದಾಗಿ ಬಿಡದೆ ಒಣ ಎಲೆ, ಹುಲ್ಲಿನಂಥ ಹೊದಿಕೆ ಹಾಕಿದರೆ ಈ ಕಾಟ ಮುಕ್ಕಾಲು ಪಾಲು ಕಡಿಮೆ. ಆದರೆ ಅದನ್ನು ದುಡ್ಡು ಕೊಟ್ಟು ತರಬೇಡಿ. ನರ್ಸರಿಯಲ್ಲಿ ಚೆಂದದ ಚೀಲದಲ್ಲಿ ಮಾರುವ ತೆಂಗಿನ ಚಕ್ಕೆ, ಮರದ ತೊಗಟೆ ಎಲ್ಲ ಬಾಲ್ಕನಿಯ ಕುಂಡಕ್ಕೆ ಸರಿ. ನಾಳೆಯೋ ನಾಡಿದ್ದೋ ಪಾಯ ತೋಡುವ ಜಾಗಕ್ಕೆ ಯಾಕೆ ಸಾವಿರಾರು ರೂಪಾಯಿ ಸುರೀತೀರಿ? ನಿಮ್ಮ ಬೀದಿಯಲ್ಲಿ ಯಾರು ಯಾವ ಕಸವನ್ನು ಎಲ್ಲಿ ಹಾಕೋದು ಅಂತ ಒದ್ದಾಡುತ್ತಿದ್ದಾರೆ, ಅದನ್ನು ನೋಡಿ. ಅಲ್ಲಿಂದ ಶುರು ಮಾಡಿ.

ಮೊದಲು ಸ್ವಲ್ಪ ಲೆಕ್ಕ ಹಾಕೋಣ. ಹೊದಿಕೆಯ ಕೆಲಸ ಬೆಳಕು ತಡೆಯುವುದು. ತರಗೆಲೆಯೋ ಹುಲ್ಲೋ, ನಾಲ್ಕು ಇಂಚು ದಪ್ಪ ಇರಲೇಬೇಕು. ಒಂದು ಇಂಚು ಉದುರಿಸಿ 'ಎಲೆ ಹಾಕಿದ್ದೆ, ಆದರೂ ಕಳೆ ಬಂತು' ಅನ್ನುವವರೇ ಜಾಸ್ತಿ. ತೆಳ್ಳಗೆ ಹಾಕಿದರೆ ಮಣ್ಣಿನ ತೇವ ಉಳಿದು ಕಳೆಗೇ ಅನುಕೂಲ. 30x40 ಸೈಟು ಅಂದರೆ 1200 ಚದರ ಅಡಿ. ಪೂರ್ತಿ ನಾಲ್ಕು ಇಂಚು ಹರಡಲು 400 ಘನ ಅಡಿ ಸಾಮಾನು ಬೇಕು. 50 ಕಿಲೋ ಅಕ್ಕಿ ಚೀಲದಲ್ಲಿ ಎರಡೂವರೆ ಘನ ಅಡಿ ಎಲೆ ತುಂಬಿದರೂ 160 ಚೀಲ! ಯಾರ ಕೈಲಾಗುತ್ತದೆ? ಅದಕ್ಕೇ ಇಡೀ ಸೈಟಿಗೆ ಕೈ ಹಾಕಬೇಡಿ. ಹತ್ತು ಅಡಿ ಉದ್ದ, ನಾಲ್ಕು ಅಡಿ ಅಗಲದ ಒಂದು ಮಡಿಗೆ ಐದಾರು ಚೀಲ ಸಾಕು. ಇಂಥ ಮಡಿ ಎರಡು ಮೂರು ಮಾಡಿ, ಓಡಾಡುವ ದಾರಿಗೆ ಬೇರೆ ಉಪಾಯ ಇದೆ, ಹೇಳ್ತೀನಿ.

ಊರಲ್ಲಿ ಸುಲಭವಾಗಿ ಸಿಗುವುದು ತರಗೆಲೆ. ಹೊಂಗೆ ಮರ ಚಳಿ ಮುಗಿಯುತ್ತಿದ್ದಂತೆ ಎಲೆ ಉದುರಿಸಿ ಯುಗಾದಿ ಹೊತ್ತಿಗೆ ಹೊಸ ಚಿಗುರು ತೊಟ್ಟಿರುತ್ತದೆ. ಆ ಎಲೆ ಬೇಗ ಕೊಳೆತು ಒಳ್ಳೆ ಗೊಬ್ಬರವಾಗುತ್ತದೆ, ನನಗೆ ಅದಕ್ಕಿಂತ ಮೇಲಾದದ್ದು ಬೇರೆ ಇಲ್ಲ. ಮಳೆಮರದ ಎಲೆ ಚಿಕ್ಕದು, ಒತ್ತಾಗಿ ಕೂರುತ್ತದೆ. ಆದರೆ ಅದರ ಕಾಯಿ ಆರಿಸಿ ತೆಗೆಯಿರಿ, ಇಲ್ಲದಿದ್ದರೆ ಬದನೆ ಮಡಿಯಲ್ಲಿ ಮಳೆಮರದ ಸಸಿ ಏಳುತ್ತದೆ. ಸುಬಾಬುಲ್ ಇನ್ನೂ ಕಿರಿಕಿರಿ. ಮಾವಿನ ಎಲೆ ಕೊಳೆಯಲು ನಿಧಾನ, ಅದು ಇಲ್ಲಿ ಒಳ್ಳೆಯದೇ. ನೀಲಗಿರಿ ಎಲೆ ಮಾತ್ರ ಎಳೆ ಸಸಿಗಳ ಹತ್ತಿರ ಬೇಡ, ದಾರಿಗೆ ಹಾಕಿ.

ಬೆಳಗ್ಗೆ ರಸ್ತೆ ಗುಡಿಸುವ ಪೌರಕಾರ್ಮಿಕರನ್ನು ಮಾತಾಡಿಸಿ. ಎಲೆಯನ್ನು ಚೀಲಕ್ಕೆ ತುಂಬಿ ಗಾಡಿವರೆಗೆ ಹೊರುವುದು ಅವರಿಗೂ ಕಷ್ಟ. ನಿಮ್ಮ ಗೇಟಿನ ಬಳಿ ಖಾಲಿ ಚೀಲ ಇಟ್ಟು, ಒಂದು ಲೋಟ ಕಾಫಿ ಕೊಟ್ಟರೆ 'ಅಮ್ಮ, ಇನ್ನೊಂದು ಚೀಲ ಕೊಡಿ' ಅಂತ ಅವರೇ ಕೇಳುತ್ತಾರೆ. ಎಲೆಗೆ ಬೆಂಕಿ ಇಡುವವರು ಕಂಡರೆ ಆ ಗುಡ್ಡೆಯನ್ನೂ ಕೇಳಿ ತನ್ನಿ. ಘನತ್ಯಾಜ್ಯ ನಿಯಮದಲ್ಲೇ ಕಸ ಸುಡಬಾರದು ಅಂತ ಇದೆ, ಯಾರೂ ಇಲ್ಲ ಅನ್ನುವುದಿಲ್ಲ. ರಸ್ತೆ ಎಲೆಯಲ್ಲಿ ಗುಟ್ಕಾ ಚೀಟಿ, ಗಾಜಿನ ಚೂರು, ನಾಯಿ ಗಲೀಜು ಇರುತ್ತದೆ. ಸೊಪ್ಪಿನ ಮಡಿಗೆ ಪಾರ್ಕಿನೊಳಗಿನ ಎಲೆ, ಹೀರೆ ಚಪ್ಪರದ ಬುಡಕ್ಕೆ ರಸ್ತೆಯ ಎಲೆ ಅಂತ ಬೇರೆ ಇಟ್ಟುಕೊಳ್ಳಿ. ಮಳೆಗಾಲಕ್ಕೆ ಮುಂಚೆ ಕರೆಂಟಿನವರು ತಂತಿಗೆ ತಾಗುವ ಕೊಂಬೆ ಕಡಿದು ರಸ್ತೆ ಬದಿ ಹಾಕುತ್ತಾರಲ್ಲ, ಆಗ ಮಚ್ಚು ಹಿಡಿದು ಹೋದರೆ ಹಸಿ ಸೊಪ್ಪು ಹೊರೆಗಟ್ಟಲೆ.

ಇನ್ನು ಹಬ್ಬದ ಮಾತು. ಆಯುಧಪೂಜೆ ದಿನ ಅಂಗಡಿ, ಗ್ಯಾರೇಜು, ಆಟೋ, ಬಸ್ಸು ಎಲ್ಲಕ್ಕೂ ಬಾಳೆ ಕಂದು ಕಟ್ಟುತ್ತಾರೆ. ವಿಜಯದಶಮಿ ಕಳೆದ ಮಾರನೆ ದಿನ ಅವೆಲ್ಲ ಬೀದಿಗೆ. ಕಾಸು ಕೊಟ್ಟು ಕೊಂಡ ಕಂದನ್ನು ಎತ್ತಿಕೊಂಡು ಹೋಗಿ ಅಂತ ನಿಮಗೆ ಕೈ ಮುಗಿಯುತ್ತಾರೆ. ಉದ್ದುದ್ದ ಸೀಳಿ, ಒಳಮೈ ಮಣ್ಣಿಗೆ ತಾಗುವಂತೆ ಗಿಡದ ಸಾಲುಗಳ ನಡುವೆ ಮಗುಚಿ ಹಾಕಿ. ಬಾಳೆ ದಿಂಡಿನ ತುಂಬ ನೀರು, ಪೊಟ್ಯಾಷ್ ಅಂಶವೂ ಚೆನ್ನಾಗಿದೆ. ಹಿಂಗಾರು ಮಳೆ ಕೈಕೊಟ್ಟರೂ ಮಣ್ಣು ತಣ್ಣಗಿರುತ್ತದೆ, ಕೆಳಗೆ ಎರೆಹುಳು ಸೇರಿಕೊಳ್ಳುತ್ತದೆ. ಸೀಳುವಾಗ ಹಳೇ ಬಟ್ಟೆ ಉಟ್ಟುಕೊಳ್ಳಿ, ಬಾಳೆ ಕರೆ ಬಟ್ಟೆಗೆ ಹತ್ತಿದರೆ ಹೋಗುವುದಿಲ್ಲ. ಒಡೆದ ಬೂದುಗುಂಬಳಕಾಯಿಯನ್ನು ಜೊತೆಗೆ ತರಬೇಡಿ. ತಂದರೆ ಸೈಟಿನ ತುಂಬ ಬಳ್ಳಿ, ಅದು ಬೇಕು ಅನ್ನುವವರ ವಿಷಯ ಬೇರೆ. ಛತ್ರದ ಎಂಜಲು ಬಾಳೆಲೆಯೂ ಬೇಡ. ಉಪ್ಪು, ಎಣ್ಣೆ, ಅನ್ನ ಸೇರಿ ಇಲಿ ಹೆಗ್ಗಣಕ್ಕೆ ಊಟ.

ಎಳನೀರು ಬುರುಡೆ ವರ್ಷವಿಡೀ ಸಿಗುತ್ತದೆ. ಮಾರುವವರಿಗೆ ಅದನ್ನು ಸಾಗಿಸುವುದೇ ತಲೆನೋವು, ಪುಕ್ಕಟೆ ಕೊಡುತ್ತಾರೆ. ನಾಲ್ಕು ಹೋಳು ಮಾಡಿಸಿಕೊಂಡು, ಹೊರಸಿಪ್ಪೆಯ ಮೈ ಮೇಲೆ, ಹಳ್ಳದ ಮೈ ಕೆಳಗೆ ಬರುವಂತೆ ಒಂದಕ್ಕೊಂದು ಒತ್ತಿ ಜೋಡಿಸಿ. ಅಂಗಾತ ಬಿದ್ದರೆ ಮಳೆನೀರು ನಿಂತು ಡೆಂಗ್ಯೂ ಸೊಳ್ಳೆ ಹುಟ್ಟುತ್ತದೆ, ಈ ವಿಷಯದಲ್ಲಿ ಸೋಮಾರಿತನ ಬೇಡವೇ ಬೇಡ. ಇವು ಬೇಗ ಕರಗುವುದಿಲ್ಲ, ಹಾಗಾಗಿ ಪಪ್ಪಾಯಿ, ನುಗ್ಗೆ, ಕರಿಬೇವಿನ ಬುಡಕ್ಕೆ ಒಳ್ಳೆಯದು. ಸೊಪ್ಪಿನ ಮಡಿಗೆ ಒಗ್ಗುವುದಿಲ್ಲ.

ದಾರಿಗೆ ರಟ್ಟು. ದಿನಸಿ ಅಂಗಡಿಯ ಖಾಲಿ ಡಬ್ಬ, ಮನೆಗೆ ಬರುವ ಪಾರ್ಸಲ್ ಡಬ್ಬ ಎಲ್ಲ ಬಿಚ್ಚಿ, ಅಂಟುಪಟ್ಟಿ, ಪಿನ್ನು ಕಿತ್ತು, ಒಂದರ ಅಂಚು ಇನ್ನೊಂದರ ಮೇಲೆ ಅರ್ಧ ಅಡಿ ಬರುವ ಹಾಗೆ ಹಾಸಿ. ಮಿರಮಿರ ಹೊಳೆಯುವ ರಟ್ಟು ಬೇಡ. ಚೆನ್ನಾಗಿ ನೀರು ಚಿಮುಕಿಸಿ ಮೇಲೆ ಎಲೆಯೋ ಮರಗೆಲಸದವರ ಹತ್ತಿರ ಸಿಗುವ ಹೊಟ್ಟೋ ಹಾಕಿ. ಹೊಟ್ಟು ಬರೀ ಮರದ್ದೇ ಅಂತ ಕೇಳಿಕೊಳ್ಳಿ, ಪ್ಲೈವುಡ್ ಪುಡಿಯಲ್ಲಿ ಅಂಟು ಸೇರಿರುತ್ತದೆ. ಮರದ ಹೊಟ್ಟನ್ನು ಮಣ್ಣಿಗೆ ಕಲಸಲೂ ಬಾರದು. ಕೊಳೆಯುವಾಗ ಮಣ್ಣಿನ ಸಾರಜನಕ ಎಳೆದುಕೊಂಡು ಗಿಡ ಹಳದಿಯಾಗುತ್ತದೆ. ಮೇಲೆ ಹರಡಿದರೆ ತೊಂದರೆ ಇಲ್ಲ. ಒಂದು ಮಾತು: ಗರಿಕೆ, ಜೇಕು ಇದ್ದ ಕಡೆ ರಟ್ಟಿನ ಆಟ ನಡೆಯುವುದಿಲ್ಲ. ಜೇಕಿನ ಮೊಳಕೆ ಸೂಜಿಯ ಹಾಗೆ ರಟ್ಟು ಚುಚ್ಚಿಕೊಂಡು ಮೇಲೆ ಬರುತ್ತದೆ. ಅದನ್ನು ಗಡ್ಡೆ ಸಮೇತ ಅಗೆದೇ ತೆಗೆಯಬೇಕು.

ಬೇರೆ ಊರಿನವರು ಅಲ್ಲಿಯದನ್ನೇ ಹುಡುಕಲಿ. ಚಿಕ್ಕಮಗಳೂರು, ಕೊಡಗಿನಲ್ಲಿ ಕಾಫಿ ಸಿಪ್ಪೆ. ಚಳ್ಳಕೆರೆ ಕಡೆ ಎಣ್ಣೆ ಗಿರಣಿಗಳ ಕಡಲೆಕಾಯಿ ಸಿಪ್ಪೆ. ರಾಮನಗರ, ಕೋಲಾರದಲ್ಲಿ ರೇಷ್ಮೆ ಹುಳು ತಿಂದುಬಿಟ್ಟ ಹಿಪ್ಪುನೇರಳೆ ಕಡ್ಡಿ. ಮಂಡ್ಯದಲ್ಲಿ ಕಬ್ಬಿನ ತರಗು, ಬೆಳಗಾವಿ ಕಡೆಯವರು ಅದನ್ನೇ ರವದಿ ಅನ್ನುತ್ತಾರೆ. ಶಿರಸಿ, ಸಿದ್ದಾಪುರದವರಿಗೆ ನಾನೇನು ಹೇಳಲಿ, ಸೊಪ್ಪಿನ ಬೆಟ್ಟದ ದರಕು, ಅಂದರೆ ಒಣಗಿ ಉದುರಿದ ಎಲೆ, ಅಡಿಕೆ ಮರದ ಬುಡಕ್ಕೆ ಹೊದಿಸುವುದು ಅವರಿಗೆ ಅಜ್ಜನ ಕಾಲದ ವಿದ್ಯೆ. ಭತ್ತದ ಹೊಟ್ಟು ಗಿರಣಿಯಲ್ಲಿ ಅಗ್ಗ, ಆದರೆ ಗಾಳಿಗೆ ಹಾರುತ್ತದೆ, ಜೋರು ಮಳೆಗೆ ತೇಲಿಹೋಗುತ್ತದೆ. ರಾಗಿ ಹುಲ್ಲು ದನಕ್ಕಿರಲಿ.

ಹಳೇ ಫ್ಲೆಕ್ಸ್ ಬ್ಯಾನರ್ ಹಾಸಬಹುದಾ ಅಂತ ಕೇಳುವವರಿದ್ದಾರೆ. ಏಪ್ರಿಲ್ ಬಿಸಿಲಲ್ಲಿ ಎರಡು ತಿಂಗಳು ಹಾಸಿ, ಅಡಿಯಲ್ಲಿನ ಕಳೆ ಸತ್ತ ಮೇಲೆ ತೆಗೆದುಬಿಟ್ಟರೆ ಸರಿ. ಅಲ್ಲೇ ಬಿಟ್ಟರೆ ಬಿಸಿಲಿಗೆ ಪುಡಿಪುಡಿಯಾಗಿ ಮಣ್ಣು ಸೇರುತ್ತದೆ, ಆರಿಸಿ ಪೂರೈಸುವುದಿಲ್ಲ.

ಯಾವಾಗ ಹಾಕಬೇಕು ಅನ್ನುವುದೂ ಮುಖ್ಯ. ಒಣ ಮಣ್ಣಿನ ಮೇಲೆ ಹೊದಿಕೆ ಹಾಕಿದರೆ ಸಣ್ಣ ಮಳೆ ಎಲೆಯಲ್ಲೇ ಹಿಂಗಿ, ಬೇರಿಗೆ ಇಳಿಯುವುದೇ ಇಲ್ಲ. ಏಪ್ರಿಲ್, ಮೇ ಹೊತ್ತಿನ ಅಶ್ವಿನಿ, ಭರಣಿ ಮಳೆ ಬಂದು ಕಳೆ ಒಂದು ಗೇಣು ಎದ್ದೇಳಲಿ. ಹೂ ಬಿಡುವ ಮೊದಲೇ ಕುಡುಗೋಲಿನಿಂದ ಕೊಯ್ದು ಅಲ್ಲೇ ಮಲಗಿಸಿ, ಅದರ ಮೇಲೆ ಹೊದಿಕೆ ಹರಡಿ. ಕಾಂಗ್ರೆಸ್ ಗಿಡ ಮುಟ್ಟುವಾಗ ಕೈಗವಸು ಹಾಕಿಕೊಳ್ಳಿ, ಕೆಲವರಿಗೆ ಮೈ ಕೈ ತುರಿಕೆ ಏಳುತ್ತದೆ. ಬಿಳಿ ಹೂ ಕಂಡ ಗಿಡವನ್ನು ಮಡಿಗೆ ಸೇರಿಸಲೇಬೇಡಿ, ಒಂದೊಂದರಲ್ಲೂ ಸಾವಿರಾರು ಬೀಜ. ದಂಟು, ಮೆಂತ್ಯ, ಕೊತ್ತಂಬರಿ ಬಿತ್ತಿದ ಕಡೆ ಸಸಿ ನಾಲ್ಕು ಬೆರಳು ಬರುವವರೆಗೆ ಸಾಲಿನ ಮೇಲೆ ಏನೂ ಹಾಕಬಾರದು. ಬೀಜಕ್ಕೂ ಕಳೆಗೂ ಹೊದಿಕೆ ಭೇದ ಮಾಡುವುದಿಲ್ಲ, ಅಲ್ವಾ? ಬದನೆ, ಟೊಮೇಟೊ ಕಾಂಡದ ಸುತ್ತ ನಾಲ್ಕು ಬೆರಳು ಜಾಗ ಬಿಡಿ, ತಾಗಿಸಿದರೆ ಬುಡ ಕೊಳೆಯುತ್ತದೆ.

ಕೆಂಪು ಮಣ್ಣಿನ ಕಡೆ ರಟ್ಟು, ಒಣಕಡ್ಡಿಗೆ ಗೆದ್ದಲು ಬರುತ್ತದೆ. ಬೇವಿನ ಹಿಂಡಿ ಉದುರಿಸಿದರೆ ಸ್ವಲ್ಪ ಹತೋಟಿ. ಮನೆ ಗೋಡೆಯಿಂದ ಎರಡು ಅಡಿ ದೂರವನ್ನಂತೂ ಬರಿದಾಗಿಯೇ ಇಡಿ. ಚೇಳು, ಹಾವು ತಂಪು ಹುಡುಕಿ ಬರುತ್ತವೆ, ಎಲೆ ಎಳೆಯಲು ಕೋಲು ಬಳಸಿ, ಕೈ ತೂರಿಸಬೇಡಿ. ಮಳೆಗಾಲದಲ್ಲಿ ದೊಡ್ಡ ಆಫ್ರಿಕನ್ ಬಸವನಹುಳು ಇದ್ದರೆ ಸಂಜೆ ಒದ್ದೆ ಗೋಣಿಚೀಲದ ಕೆಳಗೆ ಪಪ್ಪಾಯಿ ಸಿಪ್ಪೆ ಇಟ್ಟು, ಬೆಳಗ್ಗೆ ಕೈಗವಸು ಹಾಕಿಕೊಂಡು ಆರಿಸಿ ಉಪ್ಪು ನೀರಿಗೆ ಹಾಕಿ.

ಮಡಿ ಮಾಡಲಾಗದೆ ಉಳಿದ ಜಾಗವನ್ನು ಸುಮ್ನೆ ಬಿಟ್ಟರೆ ಅಲ್ಲಿಂದಲೇ ಬೀಜ ಹಾರಿ ಬರುತ್ತದೆ. ಒಂದು ಕಡೆ ಗೆಣಸಿನ ಬಳ್ಳಿ ತುಂಡು ಊರಿ, ಎರಡು ಸಲ ಕಳೆ ತೆಗೆದರೆ ಆಮೇಲೆ ಬಳ್ಳಿಯೇ ನೆಲ ಮುಚ್ಚುತ್ತದೆ. ಇನ್ನೊಂದು ಕಡೆ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಹುರುಳಿ ಚೆಲ್ಲಿ. ದಿನಸಿ ಅಂಗಡಿಯ ಹುರುಳಿಯೇ ಸಾಕು, ಒಂದು ರಾತ್ರಿ ನೆನೆಸಿ ಒತ್ತಾಗಿ ಚೆಲ್ಲಿ ಮಣ್ಣು ಕೆದಕಿಬಿಡಿ. ಹೂ ಬಿಡುವಾಗ ಕೊಯ್ದು ಪಕ್ಕದ ಮಡಿಗೆ ಹಾಸಿದರೆ ಹೊದಿಕೆ, ಬಿಟ್ಟರೆ ಬಸ್ಸಾರಿಗೆ ಕಾಳು.