ಬಾಲ ಹಿಡಿದು ಸ್ಪ್ಯಾಮ್ ಓಡಿಸಿದೆ

ಬೆಳಗ್ಗೆ ಇನ್‌ಬಾಕ್ಸ್ ತೆರೆದರೆ ಸಾಲ, ಲಾಟರಿ, ಬೊಜ್ಜು ಕರಗಿಸುವ ಪುಡಿ. ಕಳಿಸಿದವರನ್ನು ಒಬ್ಬೊಬ್ಬರಾಗಿ ಬ್ಲಾಕ್ ಮಾಡಿ ಸಾಕಾಗಿತ್ತು. ಮರುದಿನ ಹೊಸ ವಿಳಾಸದಿಂದ ಅದೇ ಪುಡಿ! ಆಮೇಲೆ ಗಮನಿಸಿದೆ: ಹೆಸರು ಬೇರೆ ಬೇರೆ, ಆದರೆ ವಿಳಾಸದ ಬಾಲ ಮಾತ್ರ ಹೆಚ್ಚಾಗಿ ಡಾಟ್ ಟಾಪ್, ಇಲ್ಲವೇ ಡಾಟ್ ಕ್ಲಬ್. ಇಂಥ ಬಾಲದ ಕೆಲವು ಡೊಮೇನ್‌ಗಳು (ವಿಳಾಸದಲ್ಲಿ ಅಟ್ ಚಿಹ್ನೆಯ ನಂತರ ಬರುವ ಹೆಸರು) ಮೊದಲ ವರ್ಷಕ್ಕೆ ತುಂಬಾ ಅಗ್ಗಕ್ಕೆ ಸಿಗುತ್ತವೆ. ಒಂದು ಬ್ಲಾಕ್ ಆದರೆ ಇನ್ನೊಂದು ಕೊಂಡರಾಯಿತು, ಅಲ್ವಾ?

ಲ್ಯಾಪ್‌ಟಾಪ್‌ನಲ್ಲಿ ಮೇಲ್ ಓದಲು ನಾನು ಬಳಸುವುದು ಥಂಡರ್‌ಬರ್ಡ್ ಎಂಬ ತಂತ್ರಾಂಶ. ಮೇಲ್‌ಗಳನ್ನು ತಾನಾಗಿ ವಿಂಗಡಿಸುವ ಅದರ ಮೆಸೇಜ್ ಫಿಲ್ಟರ್ಸ್‌ನಲ್ಲಿ 'ಫ್ರಮ್' (ಕಳಿಸಿದವರು) ಆರಿಸಿ, ಪಕ್ಕದಲ್ಲಿ 'ಕಂಟೇನ್ಸ್' (ಎಲ್ಲಾದರೂ ಇದ್ದರೆ) ಇಟ್ಟು 'ಡಾಟ್ ಕ್ಲಬ್' ಹಾಕಿದೆ (ಡಾಟ್ ಅಂದರೆ ಚುಕ್ಕಿ, ಅಕ್ಷರದಲ್ಲಿ ಬರೆಯಬೇಡಿ). ಎಡವಟ್ಟಾಯಿತು. ನಮ್ಮ ಬಡಾವಣೆಯ ಕ್ಲಬ್‌ನ ಕಾರ್ಯದರ್ಶಿಯ ಮೇಲ್ ಕೂಡ ಮಾಯ! ಅವರ ವಿಳಾಸದಲ್ಲಿ ಆ ಪದ ಅಟ್ ಚಿಹ್ನೆಗೆ ಮೊದಲೇ ಇತ್ತು. 'ಕಂಟೇನ್ಸ್' ತೆಗೆದು 'ಎಂಡ್ಸ್ ವಿತ್' (ಕೊನೆಯಲ್ಲಿದ್ದರೆ) ಇಟ್ಟ ಮೇಲೆ ಸರಿಹೋಯಿತು. ಎರಡು ಬಾಲಗಳಿದ್ದರೆ ಮೇಲಿನ 'ಮ್ಯಾಚ್ ಎನಿ' ಆರಿಸಬೇಕು. 'ಆಲ್' ಇಟ್ಟರೆ ಯಾವ ಮೇಲೂ ಸಿಕ್ಕಿಬೀಳುವುದಿಲ್ಲ.

ಅಳಿಸುವ ಬದಲು ಬೇರೆ ಫೋಲ್ಡರ್‌ಗೆ ಹಾಕಿಸಿದ್ದೇನೆ, ವಾರಕ್ಕೊಮ್ಮೆ ಸುಮ್ನೆ ಕಣ್ಣಾಡಿಸುತ್ತೇನೆ. ಡಾಟ್ ಎಕ್ಸ್‌ವೈಝಡ್ ಮುಟ್ಟಲಿಲ್ಲ. ಗೂಗಲ್‌ನ ಮಾತೃಸಂಸ್ಥೆ ಆಲ್ಫಬೆಟ್‌ನ ತಾಣಕ್ಕೂ ಅದೇ ಬಾಲ. ಡಾಟ್ ಇನ್, ಡಾಟ್ ಕಾಮ್ ಅಂತೂ ಮುಟ್ಟುವ ಹಾಗೇ ಇಲ್ಲ. ಜಿಮೇಲ್ ವಿಳಾಸಗಳಿಂದ ಬರುವ ಸ್ಪ್ಯಾಮ್ ಈಗಲೂ ಬರುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಥಂಡರ್‌ಬರ್ಡ್ ತೆರೆದಿರದಿದ್ದರೆ ಫೋನಿನಲ್ಲಿ ಆ ಪುಡಿಯೂ ಕಾಣಿಸುತ್ತದೆ, ಏಕೆಂದರೆ ಈ ಫಿಲ್ಟರ್ ಓಡುವುದು ಲ್ಯಾಪ್‌ಟಾಪ್‌ನಲ್ಲೇ.